ಲ್ಯಾಪ್‌ಟಾಪ್ ಸ್ಕ್ರೀನ್ ಹಳದಿಯಾಗಿದೆ, ಪ್ಯಾನೆಲ್ ಬದಲಿಸಲೇಬೇಕಾ?

ಪ್ರಶ್ನೆ: ನನ್ನದು ಮೂರು ವರ್ಷ ಹಳೆಯ ಲ್ಯಾಪ್‌ಟಾಪ್, ವಿಂಡೋಸ್ 11 ಇದೆ. ಕೆಲವು ದಿನಗಳಿಂದ ಸ್ಕ್ರೀನ್ ಹಳದಿಯಾಗಿ ಕಾಣುತ್ತಿದೆ, ಬಿಳಿ ಪುಟವೆಲ್ಲ ಹಳೇ ಪುಸ್ತಕದ ಹಾಳೆಯ ಹಾಗೆ. ರಾತ್ರಿ ಹೊತ್ತು ಸ್ಕ್ರೀನನ್ನು ಹಳದಿ ಮಾಡುವ ನೈಟ್ ಲೈಟ್ ಸೆಟ್ಟಿಂಗ್ ಆಫ್ ಇದೆ, ನೋಡಿದ್ದೇನೆ. ಫೋಟೋ ತೆರೆದರೆ ಹಳದಿ ಇನ್ನೂ ಜಾಸ್ತಿ. ಹೊರಗಿನ ಮಾನಿಟರ್ ಜೋಡಿಸಿದರೆ ಅದರಲ್ಲಿ ಬಣ್ಣ ಸರಿಯಾಗಿದೆ. ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ ನೋಡಿದೆ, ಅಲ್ಲೂ ಸರಿಯಾಗಿದೆ. ಹಾಗಾಗಿ ಪ್ಯಾನೆಲ್ ಹೋಗಿದೆ, ಬದಲಿಸಿಬಿಡು ಅಂತ ಸ್ನೇಹಿತರು ಹೇಳುತ್ತಿದ್ದಾರೆ. ನಿಜವಾಗಿಯೂ ಬದಲಿಸಲೇಬೇಕಾ?

ಉತ್ತರ: ಈಗಲೇ ಬದಲಿಸಬೇಡಿ. ನೀವು ಕೊಟ್ಟ ಎರಡು ಸಾಕ್ಷಿಗಳಿಂದ ಪ್ಯಾನೆಲ್ ಹೋಗಿದೆ ಅಂತ ತೀರ್ಮಾನಿಸಲು ಆಗುವುದಿಲ್ಲ.

ಮೊದಲು ಸ್ಕ್ರೀನ್‌ಶಾಟ್ ವಿಷಯ. ತುಂಬಾ ಜನ ಇದನ್ನು ದೊಡ್ಡ ಪರೀಕ್ಷೆ ಅಂದುಕೊಂಡಿದ್ದಾರೆ. ಆದರೆ ನೈಟ್ ಲೈಟ್ ಆಗಲಿ, ಬಣ್ಣ ತಿದ್ದುವ ಬೇರೆ ಸಾಫ್ಟ್‌ವೇರ್ ಆಗಲಿ, ಸಾಮಾನ್ಯವಾಗಿ ಚಿತ್ರ ತಯಾರಾದ ಮೇಲೆ, ಅದು ಸ್ಕ್ರೀನಿಗೆ ಹೊರಡುವ ಕೊನೆಯ ಹಂತದಲ್ಲಿ ಕೆಲಸ ಮಾಡುತ್ತದೆ. ಸ್ಕ್ರೀನ್‌ಶಾಟ್ ಅದಕ್ಕೂ ಮೊದಲಿನ ಚಿತ್ರವನ್ನು ಹಿಡಿಯುತ್ತದೆ. ಬೇಕಾದರೆ ನೈಟ್ ಲೈಟ್ ಪೂರ್ತಿ ಏರಿಸಿ ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ನೋಡಿ, ಬೆಳ್ಳಗೇ ಇರುತ್ತದೆ. ಅಂದರೆ ಪ್ಯಾನೆಲ್ ಕೆಟ್ಟಿದ್ದರೂ ಸ್ಕ್ರೀನ್‌ಶಾಟ್ ಬಿಳಿ, ಇಂಥ ಸೆಟ್ಟಿಂಗ್ ತಪ್ಪಿದ್ದರೂ ಬಿಳಿ.

ಇನ್ನು ಹೊರಗಿನ ಮಾನಿಟರ್. ಅದರಲ್ಲಿ ಬಣ್ಣ ಸರಿಯಾಗಿದೆ ಅಂದರೆ ಗ್ರಾಫಿಕ್ಸ್ ಚಿಪ್ ಚೆನ್ನಾಗಿದೆ ಅನ್ನಬಹುದು, ಅಷ್ಟೇ. ವಿಂಡೋಸ್ ಪ್ರತಿ ಸ್ಕ್ರೀನಿಗೂ ಬೇರೆ ಬೇರೆ ಬಣ್ಣದ ಪ್ರೊಫೈಲ್, ಅಂದರೆ ಆ ಸ್ಕ್ರೀನಿನ ಬಣ್ಣದ ವಿವರ ಇರುವ ಫೈಲ್, ಇಟ್ಟುಕೊಂಡಿರುತ್ತದೆ. ಲ್ಯಾಪ್‌ಟಾಪ್ ಕಂಪನಿ ಕೊಟ್ಟ ಆ್ಯಪ್‌ಗಳೂ ಹೆಚ್ಚಾಗಿ ಒಳಗಿನ ಸ್ಕ್ರೀನಿನ ಮೇಲೆ ಮಾತ್ರ ಕೈ ಆಡಿಸುತ್ತವೆ. ಹಾಗಾಗಿ ಸಾಫ್ಟ್‌ವೇರ್ ತೊಂದರೆಯೂ ಒಂದೇ ಸ್ಕ್ರೀನಿನಲ್ಲಿ ಕಾಣಬಹುದು.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ನೀವು ಸುಮ್ನೆ ಹೇಳಿ ಮುಂದೆ ಹೋದ ಮಾತು: ಫೋಟೋ ತೆರೆದರೆ ಹಳದಿ ಇನ್ನೂ ಜಾಸ್ತಿ. ಕೆಟ್ಟ ಪ್ಯಾನೆಲ್‌ಗೆ ಯಾವುದು ಫೋಟೋ, ಯಾವುದು ಮೆನು ಅಂತ ಗೊತ್ತಾಗುವುದಿಲ್ಲ. ಎಲ್ಲವನ್ನೂ ಒಂದೇ ಸಮ ಹಳದಿ ಮಾಡುತ್ತದೆ. ಫೋಟೋಗೆ ಮಾತ್ರ ಬೇರೆ ಮರ್ಯಾದೆ ಸಿಗುತ್ತಿದ್ದರೆ ಅಲ್ಲಿ ಯಾವುದೋ ಸಾಫ್ಟ್‌ವೇರ್ ಲೆಕ್ಕ ಹಾಕುತ್ತಿದೆ ಅಂತಲೇ ಅರ್ಥ. ಇದಕ್ಕೆ ಆಮೇಲೆ ಬರುತ್ತೇನೆ.

ಹಳದಿ ಅಂದರೆ ಏನು ಅಂತ ಒಂದು ಮಾತು ತಿಳಿದುಕೊಂಡರೆ ಮುಂದಿನದ್ದೆಲ್ಲ ಸುಲಭ. ಸ್ಕ್ರೀನಿನ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಭಾಗ ಇರುತ್ತದೆ. ಮೂರೂ ಪೂರ್ತಿ ಬೆಳಗಿದರೆ, ಅಂದರೆ ಪ್ರತಿಯೊಂದೂ 255ರಲ್ಲಿದ್ದರೆ ಬಿಳಿ. ನೀಲಿ ಒಂದನ್ನು 200ಕ್ಕೆ ಇಳಿಸಿ, ನೀವು ಹೇಳುತ್ತಿರುವ ಕೆನೆಬಣ್ಣ ಬರುತ್ತದೆ. ಸೊನ್ನೆಗೆ ಇಳಿಸಿದರೆ ಅಪ್ಪಟ ಹಳದಿ. ಹಾಗಾಗಿ ನಾವು ಹುಡುಕಬೇಕಾದ್ದು ನೀಲಿ ಎಲ್ಲಿ ಕಡಿಮೆಯಾಗುತ್ತಿದೆ ಅನ್ನುವುದನ್ನು. ಆ್ಯಪ್, ವಿಂಡೋಸ್, ಡ್ರೈವರ್ (ಗ್ರಾಫಿಕ್ಸ್ ಚಿಪ್ ನಡೆಸುವ ಸಾಫ್ಟ್‌ವೇರ್), ಕೇಬಲ್, ಪ್ಯಾನೆಲ್, ಅದರ ಹಿಂದಿನ ದೀಪ, ಇಷ್ಟು ದಾಟಿ ಬೆಳಕು ನಿಮ್ಮ ಕಣ್ಣಿಗೆ ಬರುತ್ತದೆ. ಈ ದಾರಿಯನ್ನು ನಡುವೆ ಒಂದು ಕಡೆ ತುಂಡು ಮಾಡಿ ನೋಡಿದರೆ ಅರ್ಧ ಕೆಲಸ ಮುಗಿಯಿತು.

ತುಂಡು ಮಾಡುವ ಜಾಗ ಬಯೋಸ್. ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ, ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪುಟ ಅದು. ಅಲ್ಲಿ ನೈಟ್ ಲೈಟ್ ಇಲ್ಲ, ವಿಂಡೋಸ್ ಪ್ರೊಫೈಲ್ ಇಲ್ಲ, ವಿಂಡೋಸ್‌ನ ಡ್ರೈವರ್ ಕೂಡ ಇಲ್ಲ. ಒಳಗೆ ಹೋಗಲು ಎಫ್2, ಡಿಲೀಟ್, ಎಫ್10 ಅಥವಾ ಎಸ್ಕೇಪ್ ಕೀ, ಕಂಪನಿಗೊಂದು ರೀತಿ. ಸಿಗದಿದ್ದರೆ ವಿಂಡೋಸ್‌ನಲ್ಲೇ ಶಿಫ್ಟ್ ಕೀ ಒತ್ತಿಹಿಡಿದು ರೀಸ್ಟಾರ್ಟ್ ಕೊಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಅಂತ ದಾರಿ ಇದೆ. ಒಳಗೆ ಏನನ್ನೂ ಬದಲಿಸಬೇಡಿ, ನೋಡಿ ಹೊರಗೆ ಬನ್ನಿ. ಅಲ್ಲಿನ ಬಿಳಿ ಅಕ್ಷರ, ಬೂದು ಬಣ್ಣದ ಜಾಗ ಹೇಗಿದೆ? ಕೆಲವು ಬಯೋಸ್ ಪುಟ ಪೂರ್ತಿ ಕಪ್ಪು, ಬಿಳಿ ಹುಡುಕುವುದೇ ಕಷ್ಟ. ಹಾಗಿದ್ದರೆ ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಬದಲು ಓಡುವ ಉಚಿತ ಲಿನಕ್ಸ್) ಹಾಕಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಅಂತ ಆರಿಸಿ, ಬ್ರೌಸರ್‌ನಲ್ಲಿ ಒಂದು ಖಾಲಿ ಬಿಳಿ ಪುಟ ತೆರೆಯಿರಿ. ಅದೂ ಬೇಡ ಅಂದರೆ ವಿಂಡೋಸ್‌ನ ಸೇಫ್ ಮೋಡ್ ಇದೆ. ಬಯೋಸ್‌ನಷ್ಟು ಖಚಿತವಲ್ಲ, ಆದರೂ ಅಲ್ಲಿ ಮೂಲ ಡಿಸ್‌ಪ್ಲೇ ಡ್ರೈವರ್ ಮಾತ್ರ ಓಡುವುದರಿಂದ ಸಾಕಷ್ಟು ಗೊತ್ತಾಗುತ್ತದೆ.

ಬೂಟ್ ಆಗುವಾಗ ಇನ್ನೊಂದನ್ನು ಗಮನಿಸಿ. ಕಂಪನಿಯ ಲೋಗೋ ಬರುವಾಗ ಬಣ್ಣ ಹೇಗಿದೆ, ಪಾಸ್‌ವರ್ಡ್ ಕೇಳುವಾಗ ಹೇಗಿದೆ, ಲಾಗಿನ್ ಆದ ಮೇಲೆ ಡೆಸ್ಕ್‌ಟಾಪ್ ಬಂದು ಕೆಲವು ಸೆಕೆಂಡ್ ಕಳೆದ ನಂತರ ಹೇಗಿದೆ. ಅಲ್ಲಿಯವರೆಗೆ ಬೆಳ್ಳಗಿದ್ದ ಸ್ಕ್ರೀನ್ ತಟ್ಟನೆ ಹಳದಿಗೆ ತಿರುಗಿದರೆ ಕಳ್ಳ ಸಿಕ್ಕಿದ ಹಾಗೇ. ಲಾಗಿನ್ ಆದ ಮೇಲೆ ಶುರುವಾಗುವ ಯಾವುದೋ ಆ್ಯಪ್ ಅಥವಾ ಪ್ರೊಫೈಲ್ ಅದನ್ನು ಮಾಡುತ್ತಿದೆ.

ಬಯೋಸ್‌ನಲ್ಲಿ ಬಿಳಿ ಬೆಳ್ಳಗೇ ಇದೆ ಅಂತ ಇಟ್ಟುಕೊಳ್ಳೋಣ. ನಿಮ್ಮ ವಿವರ ನೋಡಿದರೆ ಹಾಗೇ ಇರುತ್ತದೆ ಅಂತ ನನ್ನ ಊಹೆ.

ನೈಟ್ ಲೈಟ್ ಆಫ್ ಇದೆ ಅಂದಿರಿ. ಆಫ್ ಅಂತ ತೋರಿಸಿದರೂ ಅದು ಒಮ್ಮೊಮ್ಮೆ ಅಂಟಿಕೊಂಡಿರುತ್ತದೆ, ಅದರಲ್ಲೂ ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದ ಮೇಲೆ. ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ನೈಟ್ ಲೈಟ್‌ಗೆ ಹೋಗಿ ಒಮ್ಮೆ ಆನ್ ಮಾಡಿ, ಅದರ ಪ್ರಮಾಣವನ್ನು ಆ ತುದಿಯಿಂದ ಈ ತುದಿಗೆ ಎಳೆದು, ಮತ್ತೆ ಆಫ್ ಮಾಡಿ. ಕೆಳಗೆ ಶೆಡ್ಯೂಲ್ ಇದ್ದರೆ ಅದನ್ನೂ ತೆಗೆಯಿರಿ. ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀ ಒಟ್ಟಿಗೆ ಒತ್ತಿ. ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ಬರುತ್ತದೆ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಯಿತು ಅಷ್ಟೇ, ತೆರೆದ ಕೆಲಸ ಯಾವುದೂ ಮುಚ್ಚುವುದಿಲ್ಲ. ಎಫ್‌ಲಕ್ಸ್ ತರಹದ, ಸ್ಕ್ರೀನನ್ನು ಹಳದಿ ಮಾಡುವ ಆ್ಯಪ್ ಹಿಂದೆ ಯಾವಾಗಲಾದರೂ ಹಾಕಿದ್ದರೆ ಅದೂ ಹಿಂದೆ ಓಡುತ್ತಿರಬಹುದು, ಟಾಸ್ಕ್‌ಬಾರ್‌ನ ಮೂಲೆಯ ಸಣ್ಣ ಚಿತ್ರಗಳಲ್ಲಿ ಹುಡುಕಿ.

ಇಲ್ಲೊಂದು ಸಣ್ಣ ಗುಟ್ಟು. ಬಿಳಿ ಪುಟದ ಮೇಲೆ ಮೌಸ್ ಬಾಣ ತನ್ನಿ. ಕೆಲವು ಕಂಪ್ಯೂಟರ್‌ಗಳಲ್ಲಿ ಮೌಸ್ ಬಾಣವನ್ನು ಗ್ರಾಫಿಕ್ಸ್ ಚಿಪ್ ಬೇರೆಯಾಗಿ ಚಿತ್ರದ ಮೇಲೆ ಇಡುತ್ತದೆ, ನೈಟ್ ಲೈಟ್ ತರಹದ ತಿದ್ದುಪಡಿ ಅದಕ್ಕೆ ತಾಗುವುದಿಲ್ಲ. ಪುಟ ಹಳದಿ, ಬಾಣ ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದರೆ ಪ್ಯಾನೆಲ್ ನಿರಪರಾಧಿ. ಬಿಳಿ ತೋರಿಸುವ ಶಕ್ತಿ ಅದಕ್ಕಿದೆ ಅಂತ ಅದೇ ತೋರಿಸಿಕೊಟ್ಟಿದೆ, ಅಲ್ವಾ. ಬಾಣವೂ ಹಳದಿಯಾಗಿದ್ದರೆ ಮಾತ್ರ ಇದರಿಂದ ಏನೂ ತೀರ್ಮಾನ ಆಗುವುದಿಲ್ಲ.

ಆದರೂ ನಿಮ್ಮ ವಿಷಯದಲ್ಲಿ ನೈಟ್ ಲೈಟ್ ಮೇಲೆ ನನಗೆ ಅಷ್ಟು ಅನುಮಾನ ಇಲ್ಲ. ಅದು ಅಂಟಿಕೊಂಡಿದ್ದರೆ ಹೊರಗಿನ ಮಾನಿಟರ್ ಕೂಡ ಹಳದಿಯಾಗಬೇಕಿತ್ತು. ಒಂದೇ ಒಂದು ಅಪವಾದ: ಮಾನಿಟರನ್ನು ಯುಎಸ್‌ಬಿ ಡಾಕ್ ಮೂಲಕ, ಡಿಸ್‌ಪ್ಲೇಲಿಂಕ್ ಅನ್ನುವ, ಚಿತ್ರವನ್ನು ಯುಎಸ್‌ಬಿ ಮೂಲಕ ಕಳಿಸುವ ಚಿಪ್ ಇರುವಂಥದ್ದರಲ್ಲಿ ಜೋಡಿಸಿದ್ದರೆ ನೈಟ್ ಲೈಟ್ ಅಲ್ಲಿಗೆ ತಲುಪದೇ ಇರಬಹುದು. ಎಚ್‌ಡಿಎಂಐ ಕೇಬಲ್ ನೇರವಾಗಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ್ದರೆ ಈ ಮಾತು ಬಿಡಿ.

ನನ್ನ ಅನುಮಾನ ಮೊದಲು ಹೋಗುವುದು ಲ್ಯಾಪ್‌ಟಾಪ್ ಕಂಪನಿಯ ಆ್ಯಪ್ ಮೇಲೆ. ಲೆನೊವೊ ವಾಂಟೇಜ್‌ನಲ್ಲಿ ‘ಐ ಕೇರ್ ಮೋಡ್’ ಇದೆ. ಮೈಆಸುಸ್‌ನಲ್ಲಿ ಸ್ಪ್ಲೆಂಡಿಡ್ ಅಂತ ಒಂದು ಭಾಗ, ಅದರಲ್ಲೂ ಐ ಕೇರ್. ಏಸರ್‌ನಲ್ಲಿ ಬ್ಲೂಲೈಟ್ ಶೀಲ್ಡ್, ಎಂಎಸ್‌ಐನಲ್ಲಿ ಟ್ರೂ ಕಲರ್, ಡೆಲ್‌ನ ಕೆಲವು ಮಾಡೆಲ್‌ಗಳಲ್ಲಿ ಪ್ರೀಮಿಯರ್‌ಕಲರ್. ಇವು ಯಾವುವೂ ನೈಟ್ ಲೈಟ್ ಜೊತೆ ಮಾತಾಡಿಕೊಳ್ಳುವುದಿಲ್ಲ. ವಿಂಡೋಸ್ ಪ್ರಕಾರ ಎಲ್ಲ ಆಫ್, ಈ ಆ್ಯಪ್ ಪ್ರಕಾರ ಆನ್. ಆ್ಯಪ್ ಅಪ್‌ಡೇಟ್ ಆದಾಗ ಹಳೆಯ ಆಯ್ಕೆ ಬದಲಾಗುವುದೂ ಉಂಟು, ನೀವು ಏನೂ ಮುಟ್ಟದಿದ್ದರೂ ಒಂದು ದಿನ ಬೆಳಿಗ್ಗೆ ಬಣ್ಣ ಬೇರೆಯಾಗಿರುತ್ತದೆ. ಆ ಆ್ಯಪ್ ತೆರೆದು ಬಣ್ಣವನ್ನು ಡೀಫಾಲ್ಟ್ ಅಥವಾ ಸ್ಟ್ಯಾಂಡರ್ಡ್‌ಗೆ ತನ್ನಿ. ಸಿಟ್ಟಿನಲ್ಲಿ ಆ್ಯಪನ್ನೇ ಕಿತ್ತು ಹಾಕಬೇಡಿ. ಕಿತ್ತು ಹಾಕುವುದಿದ್ದರೂ ಮೊದಲು ಡೀಫಾಲ್ಟ್‌ಗೆ ತಂದು ಆಮೇಲೆ ತೆಗೆಯಿರಿ. ಕೆಲವು ಆ್ಯಪ್‌ಗಳು ತಮ್ಮದೇ ಪ್ರೊಫೈಲ್ ಫೈಲನ್ನು ವಿಂಡೋಸ್ ಒಳಗೆ ಹಾಕಿರುತ್ತವೆ, ಆ್ಯಪ್ ಹೋದರೂ ಅದು ಅಲ್ಲೇ ಉಳಿಯಬಹುದು.

ಈಗ ಪ್ರೊಫೈಲ್. ನಿಮ್ಮ ಫೋಟೋ ಯಾಕೆ ಜಾಸ್ತಿ ಹಳದಿ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ಐಸಿಸಿ ಪ್ರೊಫೈಲ್ ಅಂದರೆ ಒಂದು ಸಣ್ಣ ಫೈಲ್. ಈ ಸ್ಕ್ರೀನ್ ಬಣ್ಣಗಳನ್ನು ಹೇಗೆ ತೋರಿಸುತ್ತದೆ ಅನ್ನುವ ವಿವರ ಅದರಲ್ಲಿರುತ್ತದೆ. ಬಣ್ಣದ ಬಗ್ಗೆ ಕಾಳಜಿ ಇರುವ ಆ್ಯಪ್‌ಗಳು, ಅಂದರೆ ಫೋಟೋ ತೋರಿಸುವ ಆ್ಯಪ್, ಫೋಟೋಶಾಪ್, ಹೆಚ್ಚಿನ ಬ್ರೌಸರ್‌ಗಳು, ಇದನ್ನು ಓದಿ ಅದಕ್ಕೆ ತಕ್ಕಂತೆ ಬಣ್ಣ ತಿದ್ದುತ್ತವೆ. ಸ್ಕ್ರೀನಿನಲ್ಲಿ ನೀಲಿ ಸ್ವಲ್ಪ ಜಾಸ್ತಿ ಅಂತ ಪ್ರೊಫೈಲ್ ಹೇಳಿದರೆ ಆ್ಯಪ್ ನೀಲಿಯನ್ನು ಅಷ್ಟು ಕಡಿಮೆ ಮಾಡಿ ಕಳಿಸುತ್ತದೆ. ಸರಿಯಾದ ಪ್ರೊಫೈಲ್ ಆದರೆ ಒಳ್ಳೆಯದೇ. ಆದರೆ ಪ್ರೊಫೈಲ್ ಕೆಟ್ಟಿದ್ದರೆ, ಅಥವಾ ಬೇರೆ ಯಾವುದೋ ಪ್ಯಾನೆಲ್‌ನದ್ದಾಗಿದ್ದರೆ? ಆ್ಯಪ್ ಅದನ್ನೇ ನಂಬಿ, ಇಲ್ಲದ ನೀಲಿಯನ್ನು ಕಳೆದು, ಬಿಳಿಯನ್ನು ಹಳದಿ ಮಾಡಿ ಕೂರುತ್ತದೆ. ಡೆಸ್ಕ್‌ಟಾಪ್, ಮೆನು, ನೋಟ್‌ಪ್ಯಾಡ್ ಇವೆಲ್ಲ ಪ್ರೊಫೈಲ್ ಓದುವುದಿಲ್ಲವಾದ್ದರಿಂದ ಅವುಗಳ ಬಿಳಿ ಅಷ್ಟು ಕೆಡುವುದಿಲ್ಲ. ಇದರ ಜೊತೆಗೆ ಕೆಲವು ಪ್ರೊಫೈಲ್‌ಗಳಲ್ಲಿ ಇನ್ನೊಂದು ಕೋಷ್ಟಕ ಇರುತ್ತದೆ. ಅದು ನೇರವಾಗಿ ಗ್ರಾಫಿಕ್ಸ್ ಚಿಪ್‌ಗೆ ಹೋಗಿ ಸ್ಕ್ರೀನಿನ ಎಲ್ಲದರ ಬಣ್ಣವನ್ನೂ ತಿದ್ದುತ್ತದೆ. ಎಲ್ಲವೂ ಸ್ವಲ್ಪ ಹಳದಿ, ಫೋಟೋ ಇನ್ನೂ ಹಳದಿ ಅನ್ನುವ ನಿಮ್ಮ ಚಿತ್ರಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಖಚಿತ ಮಾಡಿಕೊಳ್ಳಲು ಹೀಗೆ ಮಾಡಿ. ಬಿಳಿ ಹಿನ್ನೆಲೆ ಇರುವ ಒಂದು ಚಿತ್ರ ತೆಗೆದುಕೊಳ್ಳಿ, ಯಾವುದಾದರೂ ಸ್ಕ್ಯಾನ್ ಮಾಡಿದ ಕಾಗದ ಆದರೂ ಸರಿ. ಅದನ್ನು ನಿಮಗೆ ಹಳದಿ ತೋರಿಸುವ ಫೋಟೋ ಆ್ಯಪ್‌ನಲ್ಲಿ ತೆರೆಯಿರಿ. ಅದೇ ಚಿತ್ರವನ್ನು ಪೇಂಟ್‌ನಲ್ಲೂ ತೆರೆಯಿರಿ. ಎರಡು ಕಿಟಕಿಗಳನ್ನೂ ಅಂಚಿಗೆ ಅಂಚು ತಾಗುವಂತೆ ಪಕ್ಕಪಕ್ಕ ಇಡಿ. ಅಂಚಿನಲ್ಲಿ ಗೆರೆ ಎಳೆದ ಹಾಗೆ ಒಂದು ಬದಿ ಬಿಳಿ, ಇನ್ನೊಂದು ಬದಿ ಕೆನೆಬಣ್ಣ ಕಂಡರೆ ಮತ್ತೆ ಯೋಚನೆ ಮಾಡಬೇಕಾಗಿಲ್ಲ. ಒಂದೇ ಪ್ಯಾನೆಲ್, ಒಂದೇ ದೀಪ, ಒಂದೇ ಚಿತ್ರ, ಬಣ್ಣ ಎರಡು. ಪ್ರೊಫೈಲ್‌ದೇ ತಪ್ಪು.

ಸರಿಮಾಡುವುದು ಸುಲಭ. ಸ್ಟಾರ್ಟ್ ಮೆನುವಿನಲ್ಲಿ ‘ಕಲರ್ ಮ್ಯಾನೇಜ್‌ಮೆಂಟ್’ ಅಂತ ಹುಡುಕಿ ತೆರೆಯಿರಿ. ಡಿವೈಸಸ್ ಅನ್ನುವ ಮೊದಲ ಪುಟದಲ್ಲಿ ಮೇಲೆ ನಿಮ್ಮ ಡಿಸ್‌ಪ್ಲೇ ಆರಿಸಿ. ಎರಡು ಸ್ಕ್ರೀನ್ ಇದ್ದಾಗ ಗೊಂದಲ ಆಗುತ್ತದೆ, ಪಕ್ಕದ ‘ಐಡೆಂಟಿಫೈ ಮಾನಿಟರ್ಸ್’ ಒತ್ತಿದರೆ ಪ್ರತಿ ಸ್ಕ್ರೀನಿನ ಮೇಲೂ ಅದರ ನಂಬರ್ ಕಾಣುತ್ತದೆ. ‘ಯೂಸ್ ಮೈ ಸೆಟ್ಟಿಂಗ್ಸ್ ಫಾರ್ ದಿಸ್ ಡಿವೈಸ್’ ಅನ್ನುವ ಜಾಗಕ್ಕೆ ಟಿಕ್ ಹಾಕಿ. ಕೆಳಗೆ ಈಗ ಯಾವ ಪ್ರೊಫೈಲ್ ಇದೆಯೋ ಅದರ ಹೆಸರು ಬರೆದಿಟ್ಟುಕೊಳ್ಳಿ, ಅಳಿಸಬೇಡಿ. ಆಡ್ ಒತ್ತಿ, ಪಟ್ಟಿಯಲ್ಲಿ ಎಸ್‌ಆರ್‌ಜಿಬಿ ಐಇಸಿ61966-2.1 ಅನ್ನುವ, ಸಾಮಾನ್ಯ ಸ್ಕ್ರೀನುಗಳಿಗೆ ಹೊಂದುವ ಪ್ರೊಫೈಲನ್ನು ಆರಿಸಿ, ಸೇರಿಸಿದ ಮೇಲೆ ಅದನ್ನೇ ‘ಸೆಟ್ ಆ್ಯಸ್ ಡೀಫಾಲ್ಟ್ ಪ್ರೊಫೈಲ್’ ಮಾಡಿ. ಫೋಟೋ ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ತೆರೆದೇ ಇದ್ದರೆ ಹಳೆಯ ಪ್ರೊಫೈಲನ್ನೇ ಹಿಡಿದುಕೊಂಡಿರುತ್ತದೆ, ಏನೂ ಬದಲಾಗಲಿಲ್ಲ ಅಂತ ನೀವು ಬೇಸರ ಮಾಡಿಕೊಳ್ಳುತ್ತೀರಿ. ಒಮ್ಮೆ ರೀಸ್ಟಾರ್ಟ್ ಮಾಡಿದರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ. ನಿಮ್ಮದು ಓಎಲ್‌ಇಡಿ ಅಥವಾ ಜಾಸ್ತಿ ಬಣ್ಣ ತೋರಿಸುವ ದುಬಾರಿ ಪ್ಯಾನೆಲ್ ಆಗಿದ್ದರೆ ಎಸ್‌ಆರ್‌ಜಿಬಿ ಪ್ರೊಫೈಲನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಿ. ಹಳದಿ ಹೋಗುತ್ತದೆ, ಆದರೆ ಕೆಂಪು ಹಸಿರು ಕಣ್ಣಿಗೆ ಹೊಡೆಯುವ ಹಾಗೆ ಗಾಢವಾಗುತ್ತವೆ. ಅಂಥವರು ಕಂಪನಿಯ ಸಪೋರ್ಟ್ ಪುಟದಲ್ಲಿ ನಿಮ್ಮದೇ ಮಾಡೆಲ್‌ನ ಬಣ್ಣದ ಆ್ಯಪ್ ಅಥವಾ ಪ್ರೊಫೈಲ್ ಇದೆಯಾ ನೋಡಿ ಅದನ್ನು ಮತ್ತೆ ಹಾಕಿಕೊಳ್ಳಬೇಕು. ‘ಇದೇ ಮಾಡೆಲ್‌ಗೆ ನಾನು ಮಾಡಿದ ಪ್ರೊಫೈಲ್’ ಅಂತ ಯಾರೋ ಹಂಚಿದ್ದನ್ನು ಹಾಕಬೇಡಿ. ಒಂದೇ ಮಾಡೆಲ್ ಲ್ಯಾಪ್‌ಟಾಪ್‌ನಲ್ಲಿ ಬೇರೆ ಬೇರೆ ಕಂಪನಿಯ ಪ್ಯಾನೆಲ್ ಇರುತ್ತದೆ, ಒಂದೇ ಕಂಪನಿಯ ಎರಡು ಪ್ಯಾನೆಲ್ ಕೂಡ ಒಂದೇ ಥರ ಇರುವುದಿಲ್ಲ. ಅವರಿಗೆ ಸರಿಯಾದದ್ದು ನಿಮಗೆ ಹೊಸ ತೊಂದರೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಇಂಟೆಲ್, ಎನ್‌ವಿಡಿಯಾ, ಎಎಮ್‌ಡಿ ಆ್ಯಪ್‌ಗಳಲ್ಲೂ ಬಣ್ಣದ ಸೆಟ್ಟಿಂಗ್ ಇದೆ, ಎಲ್ಲವನ್ನೂ ಡೀಫಾಲ್ಟ್‌ಗೆ ತನ್ನಿ. ಎಎಮ್‌ಡಿಯಲ್ಲಿ ಕಲರ್ ಟೆಂಪರೇಚರ್ (ಬಿಳಿ ಎಷ್ಟು ಬೆಚ್ಚಗಿರಬೇಕು ಅನ್ನುವ ಅಳತೆ) ಇದ್ದರೆ 6500 ಇರಬೇಕು. ಆ್ಯಕ್ಸೆಸಿಬಿಲಿಟಿ ಒಳಗಿನ ಕಲರ್ ಫಿಲ್ಟರ್ಸ್ ಆಫ್ ಇದೆಯಾ ನೋಡಿ, ಅದರ ಶಾರ್ಟ್‌ಕಟ್ ಆನ್ ಇದ್ದರೆ ವಿಂಡೋಸ್, ಕಂಟ್ರೋಲ್, ಸಿ ಕೈತಪ್ಪಿ ಒತ್ತಿದರೂ ಸಾಕು, ಬಣ್ಣವೆಲ್ಲ ಏರುಪೇರು. ಎಚ್‌ಡಿಆರ್ ಆನ್ ಇದ್ದರೆ ಆಫ್ ಮಾಡಿ ನೋಡಿ. ಚಾರ್ಜರ್ ತೆಗೆದಾಗ ಮಾತ್ರ ಬಣ್ಣ ಮಂಕಾಗಿ ಬೇರೆಯಾದರೆ ಅದು ಬ್ಯಾಟರಿ ಉಳಿಸುವ ಸೆಟ್ಟಿಂಗ್, ಎಎಮ್‌ಡಿಯಲ್ಲಿ ಅದರ ಹೆಸರು ವೇರಿ-ಬ್ರೈಟ್. ಬ್ರೌಸರ್ ಒಂದೇ ಹಳದಿ ಇದ್ದರೆ ಅದರ ಎಕ್ಸ್‌ಟೆನ್ಷನ್‌ಗಳನ್ನು ನೋಡಿ. ಡ್ರೈವರ್ ಅಪ್‌ಡೇಟ್ ಆದ ದಿನವೇ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಇದೆ. ‘ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್ ಸರಿ’ ಅನ್ನುವ ಉಚಿತ ಆ್ಯಪ್‌ಗಳ ಸಹವಾಸ ಮಾತ್ರ ಬೇಡ.

ಇದನ್ನು ಓದುವ ಮ್ಯಾಕ್‌ನವರಿಗೆ: ನೈಟ್ ಶಿಫ್ಟ್ (ಮ್ಯಾಕ್‌ನ ನೈಟ್ ಲೈಟ್) ಮತ್ತು ಟ್ರೂ ಟೋನ್ ಎರಡೂ ಬೇರೆ. ಟ್ರೂ ಟೋನ್ ಕೋಣೆಯ ಬೆಳಕನ್ನು ಅಳೆದು ಸ್ಕ್ರೀನಿನ ಬಿಳಿಯನ್ನು ಅದಕ್ಕೆ ಹೊಂದಿಸುತ್ತದೆ, ಬೆಚ್ಚಗಿನ ಬಣ್ಣದ ಬಲ್ಬ್ ಕೆಳಗೆ ಕೂತರೆ ಸ್ಕ್ರೀನ್ ಹಳದಿ ಆಗಲೇಬೇಕು. ಎರಡನ್ನೂ ಆಫ್ ಮಾಡಿ, ಪ್ರೊಫೈಲನ್ನು ‘ಕಲರ್ ಎಲ್‌ಸಿಡಿ’ಗೆ ಅಥವಾ ಮಾಡೆಲ್‌ನ ಮೂಲ ಆಯ್ಕೆಗೆ ತನ್ನಿ. ಲಿನಕ್ಸ್‌ನಲ್ಲಿ ನೋಮ್, ಕೆಡಿಇ ಎರಡಕ್ಕೂ ತಮ್ಮದೇ ನೈಟ್ ಲೈಟ್ ಇದೆ, ಅದರ ಮೇಲೆ ರೆಡ್‌ಶಿಫ್ಟ್ ಬೇರೆ ಹಾಕಿಕೊಂಡಿದ್ದರೆ ಎರಡೂ ಜಗಳವಾಡುತ್ತವೆ.

ಈಗ ಬಯೋಸ್‌ನಲ್ಲೂ ಹಳದಿಯೇ ಕಂಡರೆ ಏನು? ಆಗ ಹಾರ್ಡ್‌ವೇರ್. ಆದರೂ ಎಲ್ಲ ಹಳದಿಯೂ ಒಂದೇ ಅಲ್ಲ. ಮೊದಲು ಸ್ಕ್ರೀನಿನ ಮೇಲೆ ಬ್ಲೂ ಲೈಟ್ ತಡೆಯುವ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೀರಾ ನೋಡಿ. ನಗಬೇಡಿ, ಅಂಟಿಸಿದ್ದನ್ನು ಮರೆಯುವವರು ಇದ್ದಾರೆ.

ಆಮೇಲೆ ಪೂರ್ತಿ ಸ್ಕ್ರೀನ್ ನೀಲಿ ಬಣ್ಣ ತುಂಬಿಸಿ ನೋಡಿ. ಪೇಂಟ್‌ನಲ್ಲಿ ನೀಲಿ ಸುರಿದು ಫುಲ್ ಸ್ಕ್ರೀನ್ ಮಾಡಿದರೂ ಸಾಕು. ನೀಲಿ ಕಪ್ಪಾಗಿ ಕಾಣುತ್ತಿದೆ ಅಂದರೆ ನೀಲಿಯ ಸಿಗ್ನಲ್ಲೇ ಬರುತ್ತಿಲ್ಲ. ಹಳೆಯ ವಿಜಿಎ ಕೇಬಲ್ ಬಳಸಿದವರಿಗೆ ಇದು ಗೊತ್ತಿರುತ್ತದೆ, ಅದರ 3ನೇ ಪಿನ್ ನೀಲಿಯದ್ದು, ಅದು ಬಾಗಿದರೆ ಇಡೀ ಮಾನಿಟರ್ ಹಳದಿ. ಎಲ್‌ವಿಡಿಎಸ್ ಕೇಬಲ್ ಇದ್ದ ಹಳೆಯ ಲ್ಯಾಪ್‌ಟಾಪ್‌ಗಳಲ್ಲೂ ಒಂದು ತಂತಿ ಸವೆದರೆ ಬಣ್ಣ ಕೆಡುತ್ತಿತ್ತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವುದು ಇಡಿಪಿ ಅನ್ನುವ ಬೇರೆ ಬಗೆಯ ಕೇಬಲ್. ಅದರಲ್ಲಿ ಬಣ್ಣಗಳು ಒಟ್ಟಿಗೆ ಕಟ್ಟಿಕೊಂಡು ಬರುವುದರಿಂದ ಕೇಬಲ್ ಕೆಟ್ಟರೆ ಚಿತ್ರವೇ ಮಿನುಗುತ್ತದೆ, ಗೆರೆ ಬರುತ್ತದೆ ಅಥವಾ ಹೋಗಿಬಿಡುತ್ತದೆ. ಬರೀ ನೀಲಿ ಮಾತ್ರ ಹೋಗುವುದು ಅಪರೂಪ. ಆದರೂ ಬಿಳಿ ಪುಟ ತೆರೆದಿಟ್ಟು ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿ ನೋಡಿ. ಒಂದು ಕೋನದಲ್ಲಿ ಬಣ್ಣ ಮಿಣಮಿಣ ಅಂತ ಬದಲಾದರೆ ಕೇಬಲ್ ಅಥವಾ ಅದರ ಕನೆಕ್ಟರ್. ಪ್ಯಾನೆಲ್ ಬದಲಿಸುವುದಕ್ಕಿಂತ ಬಹಳ ಕಡಿಮೆ ಖರ್ಚಿನ ಕೆಲಸ. ಕೋನ ಬದಲಾದಂತೆ ಬಣ್ಣ ನಿಧಾನವಾಗಿ, ಒಂದೇ ಸಮನೆ ಬದಲಾದರೆ ಅದು ಕೇಬಲ್ ಅಲ್ಲ. ಟಿಎನ್ ಪ್ಯಾನೆಲ್‌ಗಳ ಹುಟ್ಟುಗುಣವೇ ಅದು, ನೇರ ನೋಡದಿದ್ದರೆ ಬಣ್ಣ ತಿರುಗುತ್ತದೆ.

ನೀಲಿ ಚೆನ್ನಾಗಿದೆ, ಬಿಳಿ ಮಾತ್ರ ಬೆಚ್ಚಗಿದೆ ಅಂದರೆ ಹಿಂದಿನ ದೀಪದ ಕಡೆ ನೋಡಬೇಕು. ಬ್ಯಾಕ್‌ಲೈಟ್‌ನ ಬಿಳಿ ಎಲ್‌ಇಡಿ ನಿಜದಲ್ಲಿ ನೀಲಿ ಎಲ್‌ಇಡಿ. ಅದರ ಮೇಲೆ ಫಾಸ್ಫರ್ ಲೇಪನ ಇರುತ್ತದೆ, ಸಾಮಾನ್ಯವಾಗಿ ಹಳದಿ ಬೆಳಕು ಕೊಡುವಂಥದ್ದು. ನೀಲಿ ಮತ್ತು ಹಳದಿ ಸೇರಿ ಬಿಳಿ. ವರ್ಷಗಟ್ಟಲೆ ಉರಿದ ಮೇಲೆ ಈ ಸಮತೋಲನ ತಪ್ಪುತ್ತದೆ. ಬೆಳಕನ್ನು ಹರಡುವ ಪ್ಲಾಸ್ಟಿಕ್ ಹಾಳೆಗಳೂ ಶಾಖಕ್ಕೆ ಹಳದಿಯಾಗುತ್ತವೆ. ಎಲ್‌ಇಡಿಗಳ ಪಟ್ಟಿ ಹೆಚ್ಚಾಗಿ ಸ್ಕ್ರೀನಿನ ಕೆಳಅಂಚಿನಲ್ಲಿರುತ್ತದೆ, ಬಿಸಿಗಾಳಿ ಹೊರಬರುವ ಜಾಗವೂ ಹಲವು ಮಾಡೆಲ್‌ಗಳಲ್ಲಿ ಅದರ ಹತ್ತಿರವೇ. ಹಾಗಾಗಿ ಕೆಳಭಾಗ ಮಾತ್ರ ಹಳದಿ, ಮೇಲೆ ಹೋದಂತೆ ಬಿಳಿ ಅಂದರೆ ಶಾಖದ ಮೇಲೆ ಅನುಮಾನ ಪಡಬಹುದು. ಮಧ್ಯದಲ್ಲೋ ಮೂಲೆಯಲ್ಲೋ ಮೋಡದಂಥ ಕಲೆ ಇದ್ದರೆ ಒತ್ತಡ ಅಥವಾ ತೇವ, ಒಳಗಿನ ಪದರಗಳು ಅಲ್ಲಿ ಕೆಟ್ಟಿವೆ. ಓಎಲ್‌ಇಡಿಯಲ್ಲಿ ಕತೆ ಬೇರೆ: ಅದರ ನೀಲಿ ಭಾಗ ಉಳಿದೆರಡಕ್ಕಿಂತ ಬೇಗ ಸವೆಯುತ್ತದೆ. ಇಂಥ ಸವೆತ ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ. ಒಂದೆರಡು ದಿನದಲ್ಲಿ ಹಠಾತ್ತಾಗಿ ಹಳದಿಯಾದ ಸ್ಕ್ರೀನನ್ನು ವಯಸ್ಸಾಯಿತು ಅಂತ ಒಪ್ಪಿಕೊಳ್ಳಬೇಡಿ. ನಿಮ್ಮದು ‘ಕೆಲವು ದಿನಗಳಿಂದ’ ಅಂತ ಬರೆದಿದ್ದೀರಿ, ಅದೂ ಸಾಫ್ಟ್‌ವೇರ್ ಕಡೆಗೇ ಬೆರಳು ತೋರಿಸುತ್ತದೆ.

ಹೊಸ ಲ್ಯಾಪ್‌ಟಾಪ್ ಕೊಂಡು ‘ಬಂದಾಗಿನಿಂದಲೇ ಹಳದಿ’ ಅನ್ನುವವರು ಇನ್ನೊಂದು ಗುಂಪು. ಅವರಿಗೆ ನಾನು ಕೇಳುವುದು, ಯಾವುದರ ಪಕ್ಕ ಇಟ್ಟು ನೋಡಿದಿರಿ ಅಂತ. ಬಿಳಿಗೆ ಇಟ್ಟುಕೊಂಡಿರುವ ಅಳತೆ ಸುಮಾರು 6500 ಕೆಲ್ವಿನ್. ತುಂಬಾ ಫೋನುಗಳು, ಹಳೆಯ ಸ್ಕ್ರೀನುಗಳು ಅದಕ್ಕಿಂತ ನೀಲಿಯಾಗಿರುತ್ತವೆ. ವರ್ಷಗಟ್ಟಲೆ ನೀಲಿ ಬಿಳಿ ನೋಡಿದ ಕಣ್ಣಿಗೆ ಸರಿಯಾದ ಬಿಳಿಯೇ ಹಳದಿ ಅನ್ನಿಸುತ್ತದೆ. ಫೋನನ್ನು ದೂರ ಇಟ್ಟು ಕೆಲವು ದಿನ ಬಳಸಿ, ಕಣ್ಣು ಹೊಂದಿಕೊಳ್ಳುತ್ತದೆ. ಹೊಂದದಿದ್ದರೆ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಕೊಡಿ. ಪೂರ್ತಿ ಒಂದೇ ಸಮ ಇರುವ ಸಣ್ಣ ಹಳದಿಯನ್ನು ವಾರಂಟಿಯಲ್ಲಿ ದೋಷ ಅಂತ ಒಪ್ಪಿಸುವುದು ಕಷ್ಟ.

ಪ್ಯಾನೆಲ್ಲೇ ಸ್ವಲ್ಪ ಹಳದಿ, ಬದಲಿಸಲು ಮನಸ್ಸಿಲ್ಲ ಅಂದರೆ ತಿದ್ದಿಕೊಳ್ಳಬಹುದು. ಸ್ಟಾರ್ಟ್‌ನಲ್ಲಿ ‘ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್’ ಅಂತ ಹುಡುಕಿ. ಕಲರ್ ಬ್ಯಾಲೆನ್ಸ್ ಬಂದಾಗ ಕೆಂಪನ್ನು ಸ್ವಲ್ಪ, ಹಸಿರನ್ನು ಅದಕ್ಕಿಂತ ಕಡಿಮೆ ಇಳಿಸುತ್ತಾ ಬೂದು ಪಟ್ಟಿಗಳು ನಿಜವಾದ ಬೂದು ಆಗುವವರೆಗೆ ನೋಡಿ. ಆದರೆ ಇದಕ್ಕೆ ಬೆಲೆ ಇದೆ. ಬಿಳಿಯಲ್ಲಿ ನೀಲಿ ಆಗಲೇ 255ರಲ್ಲಿದೆ, ಅದನ್ನು ಯಾವ ಸಾಫ್ಟ್‌ವೇರೂ 256 ಮಾಡಲಾರದು. ಕೆಂಪು, ಹಸಿರನ್ನು ಇಳಿಸಿಯೇ ಸಮ ಮಾಡಬೇಕು, ಅಷ್ಟು ಬೆಳಕು ಹೋಗುತ್ತದೆ. ಸ್ವಲ್ಪ ಹಳದಿಗೆ ಇದು ಸಾಕು. ಜಾಸ್ತಿ ಹಳದಿಯನ್ನು ಹೀಗೆ ತಿದ್ದಲು ಹೋದರೆ ಸ್ಕ್ರೀನ್ ಮಂಕಾಗಿ, ಅದಕ್ಕಿಂತ ಹಳದಿಯೇ ವಾಸಿ ಅನ್ನಿಸುತ್ತದೆ. ಫೋಟೋ, ಮುದ್ರಣದ ಕೆಲಸ ಮಾಡುವವರು ಕಣ್ಣಳತೆ ಬಿಟ್ಟು ಸ್ಪೈಡರ್ ಅಥವಾ ಕ್ಯಾಲಿಬ್ರೈಟ್ ತರಹದ ಅಳೆಯುವ ಸಾಧನ ಒಂದು ದಿನಕ್ಕೆ ಎರವಲು ತಂದರೂ ಸರಿ, ಅದರಲ್ಲೇ ಮಾಡಬೇಕು.

ಕೊನೆಗೂ ಬದಲಿಸುವುದೇ ಆದರೆ ಕೆಲವು ಮಾತು. ವಾರಂಟಿ ಇದ್ದರೆ ಬಯೋಸ್ ಪುಟದ ಫೋಟೋ ತೆಗೆದು ಕಳಿಸಿ. ಫೋನಿನ ಕ್ಯಾಮೆರಾ ತಾನಾಗಿಯೇ ಬಿಳಿಯನ್ನು ತಿದ್ದಿಬಿಡುತ್ತದೆ, ಹಾಗಾಗಿ ಸರಿಯಿರುವ ಇನ್ನೊಂದು ಸ್ಕ್ರೀನನ್ನು ಪಕ್ಕದಲ್ಲಿಟ್ಟು ಎರಡೂ ಒಂದೇ ಫೋಟೋದಲ್ಲಿ ಬರುವಂತೆ ತೆಗೆಯಿರಿ. ವಾರಂಟಿ ಇಲ್ಲದಿದ್ದರೆ, ಹೊಸ ಪ್ಯಾನೆಲ್ ತರಿಸುವಾಗ ಲ್ಯಾಪ್‌ಟಾಪ್ ಮಾಡೆಲ್ ಹೇಳಿ ಸುಮ್ಮನಾಗಬೇಡಿ. ಹಳೆಯ ಪ್ಯಾನೆಲ್ ಹಿಂದಿನ ಸ್ಟಿಕ್ಕರ್‌ನಲ್ಲಿ ಅದರ ನಂಬರ್ ಇರುತ್ತದೆ, ಅದನ್ನು ಕೊಡಿ. ಕನೆಕ್ಟರ್ 30 ಪಿನ್ನೋ 40 ಪಿನ್ನೋ, ರೆಸಲ್ಯೂಷನ್ ಎಷ್ಟು, ರಿಫ್ರೆಶ್ ರೇಟ್ ಎಷ್ಟು, ಎಲ್ಲ ಹೊಂದಬೇಕು. ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಅಳತೆಯನ್ನೂ ಕೇಳಿ. ‘45 ಶೇಕಡಾ ಎನ್‌ಟಿಎಸ್‌ಸಿ’ ಅಂತ ಇರುವ ಅಗ್ಗದ ಪ್ಯಾನೆಲ್ ಹಾಕಿಸಿದರೆ ಕೆಂಪೆಲ್ಲ ಕಿತ್ತಳೆಯ ಕಡೆ ವಾಲಿ, ಬಣ್ಣವೆಲ್ಲ ಸಪ್ಪೆಯಾಗುತ್ತದೆ. ನೀವೇ ಬಿಚ್ಚುವುದಾದರೆ ಒಳಗಿನ ಬ್ಯಾಟರಿಯ ಕನೆಕ್ಟರ್ ತೆಗೆಯದೆ ಸ್ಕ್ರೀನ್ ಕೇಬಲ್ ಮುಟ್ಟಬೇಡಿ.

ಹೊಸದು ಕೂತ ಮೇಲೆ ದುಡ್ಡು ಕೊಡುವ ಮೊದಲು ಪೂರ್ತಿ ಬಿಳಿ, ಪೂರ್ತಿ ನೀಲಿ ಎರಡನ್ನೂ ತುಂಬಿಸಿ ನೋಡಿ. ಮತ್ತೆ ಕಲರ್ ಮ್ಯಾನೇಜ್‌ಮೆಂಟ್ ತೆರೆದು ಹಳೆಯ ಪ್ಯಾನೆಲ್‌ನ ಪ್ರೊಫೈಲ್ ಇನ್ನೂ ಕೂತಿದ್ದರೆ ತೆಗೆಸಿ. ಅದು ತಾನಾಗಿ ಹೋಗದೇ ಇರಬಹುದು, ಹೊಸ ಪ್ಯಾನೆಲನ್ನೂ ಹಳದಿ ಮಾಡಬಹುದು. ಆದರೆ ನೀವು ಅಲ್ಲಿಯವರೆಗೆ ಹೋಗಬೇಕಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಮೊದಲು ಪೇಂಟ್ ಪಕ್ಕ ಫೋಟೋ ಇಟ್ಟು ನೋಡಿ, ಆಮೇಲೆ ಬಯೋಸ್ ನೋಡಿ. ಎರಡರಲ್ಲೂ ಏನು ಕಂಡಿತು ಅಂತ, ಲ್ಯಾಪ್‌ಟಾಪ್ ಮಾಡೆಲ್ ಮತ್ತು ಈಗಿರುವ ಪ್ರೊಫೈಲ್ ಹೆಸರಿನ ಜೊತೆ ಬರೆಯಿರಿ.